ಅಪ್ಪಯ್ಯನ ಬಯಾಪ್ಸಿಯಲ್ಲಿ ‘ಪಿ53 ನೆಗೆಟಿವ್’: ಖುಷಿ ಪಡಬಹುದಾ?

ತೋಟದಮನೆ, ಸಾಗರ:
ಅಪ್ಪಯ್ಯನಿಗೆ 62. ನಲವತ್ತು ವರ್ಷದಿಂದ ಕವಳ (ಎಲೆ, ಅಡಿಕೆ, ಹೊಗೆಸೊಪ್ಪು). ಎಡಗೆನ್ನೆ ಒಳಗಿನ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ ಅಂತ ಶಿವಮೊಗ್ಗದಲ್ಲಿ ಬಯಾಪ್ಸಿ ಮಾಡಿಸಿದ್ವಿ. ಕ್ಯಾನ್ಸರ್ ಅಂತ ಬಂತು. ರಿಪೋರ್ಟಿನ ಕೊನೆಗೆ ‘ಪಿ53: ನೆಗೆಟಿವ್’ ಅಂತಿದೆ. ‘ಒಂದಾದರೂ ನೆಗೆಟಿವ್ ಬಂತಲ್ಲ’ ಅಂತ ಅಣ್ಣ ಅಮ್ಮನಿಗೆ ಧೈರ್ಯ ಹೇಳ್ತಿದ್ದಾನೆ. ಅದು ಸರಿಯಾ? ಡಾಕ್ಟರನ್ನ ಕಾಣೋದು ಸೋಮವಾರ.

ಹೊಸನಗರದವ:
ಪಿ53 ಕ್ಯಾನ್ಸರ್ ತಡೆಯೋ ಪ್ರೋಟೀನ್ ಅಲ್ವಾ? ಅದು ಇಲ್ಲ ಅಂದ್ರೆ ಒಳ್ಳೇದು ಹೇಗಾಗತ್ತೆ?

ಸ್ಲೈಡ್‌ಪೆಟ್ಟಿಗೆ:
ತಂಗಿ, ನಾನು ಡಾಕ್ಟರಲ್ಲ, ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಇಂಥ ಬಯಾಪ್ಸಿ ಚೂರುಗಳಿಗೆ ಬಣ್ಣ ಹಾಕಿ ಗಾಜಿನ ಸ್ಲೈಡುಗಳನ್ನ ಮಾಡ್ತಿದ್ದೀನಿ. ಇದು ಮಂಗನ ಕಾಯಿಲೆ ಟೆಸ್ಟಿನ ನೆಗೆಟಿವ್ ಥರದ್ದಲ್ಲ.

ಡಿಎನ್‌ಎ ಕೆಟ್ಟಾಗ ಜೀವಕೋಶ ಒಡೆದು ಎರಡಾಗದಂತೆ ತಡೆಯೋದು, ರಿಪೇರಿ ಆಗದಿದ್ದರೆ ಅದನ್ನ ಸಾಯಿಸೋದು ಪಿ53 ಕೆಲಸ. 1979ರಲ್ಲಿ ಪತ್ತೆಯಾದ ಪ್ರೋಟೀನ್ ಇದು. ಆರೋಗ್ಯವಾಗಿರೋ ಕೋಶದಲ್ಲಿ ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನ್ ಇದನ್ನ ಬೇಗ ಬೇಗ ಒಡೆಸಿಬಿಡತ್ತೆ. ಹಾಗಾಗಿ ಪಿ53ಗೆ ಅಂಟಿಕೊಂಡು ಅದಿರೋ ಜಾಗವನ್ನ ಕಂದು ಬಣ್ಣದಲ್ಲಿ ತೋರಿಸೋ ಡಿಒ-7 ಥರದ ಆಂಟಿಬಾಡಿ ಹಾಕಿದರೆ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ (ಕೋಶದ ನಡುವಿನ ಕೇಂದ್ರ) ಮಾತ್ರ ತೆಳು ಕಂದು ಆಗತ್ತೆ. ಪಿ53 ಜೀನಿನಲ್ಲಿ ಒಂದಕ್ಷರ ತಪ್ಪಿದರೆ ಸಾಮಾನ್ಯವಾಗಿ ಕೆಟ್ಟ ಪ್ರೋಟೀನ್ ಒಡೆಯದೆ ತುಂಬಿಕೊಳ್ಳತ್ತೆ, ಗೆಡ್ಡೆ ಪೂರ್ತಿ ಕಡುಕಂದು. ಜೀನೇ ತುಂಡಾಗಿದ್ದರೆ ಪ್ರೋಟೀನೇ ಇರಲ್ಲ. ಆಂಟಿಬಾಡಿಗೆ ಅಂಟೋಕೆ ಏನೂ ಸಿಗದೆ ಸ್ಲೈಡ್ ಖಾಲಿ. ಅದೂ ಕೆಟ್ಟಿದ್ದರ ಗುರುತೇ.

ಬಣ್ಣವೇ ಸರಿಯಾಗಿ ಹಿಡಿಯದೆಯೂ ಖಾಲಿ ಬರಬಹುದು. ಕೆಡದಂತೆ ಫಾರ್ಮಲಿನ್ನಿನಲ್ಲಿಟ್ಟ ಚೂರನ್ನ ಸಿಟ್ರೇಟ್ ದ್ರಾವಣದಲ್ಲಿ ಕಾಯಿಸದಿದ್ದರೆ ಆಂಟಿಬಾಡಿ ಹಿಡಿಯೋ ಜಾಗ ಬಿಚ್ಚಿಕೊಳ್ಳಲ್ಲ. ಒಂದು ಆಷಾಢದ ಮಳೆಯಲ್ಲಿ ಕಾಯಿಸ್ತಿರುವಾಗಲೇ ಕರೆಂಟ್ ಹೋಗಿತ್ತು. ಸ್ಲೈಡ್ ಪೂರ್ತಿ ಖಾಲಿ. ಡಾಕ್ಟರ ಟ್ರೇಗೆ ಇಡೋ ಮುಂಚೆ ನೋಡಿದ್ರೆ ಗೆಡ್ಡೆ ಪಕ್ಕದ ಲಿಂಫೋಸೈಟುಗಳಲ್ಲೂ (ಒಂದು ಬಗೆಯ ಬಿಳಿ ರಕ್ತಕಣ), ರಕ್ತನಾಳದ ಗೋಡೆಯಲ್ಲೂ ಒಂದು ಚುಕ್ಕಿ ಬಣ್ಣ ಇಲ್ಲ. ಆ ಒಳ್ಳೆ ಕೋಶಗಳಲ್ಲಿ ಅಲ್ಲಲ್ಲಿ ತೆಳುವಾಗಿಯಾದರೂ ಇರಬೇಕಿತ್ತು, ಅಂದ್ರೆ ಬಣ್ಣವೇ ಹಿಡಿದಿಲ್ಲ. ಮತ್ತೆ ಮಾಡಿದೆ: ಕಡುಕಂದು! ಆ ದಿನದ ಎದೆಬಡಿತ ಇನ್ನೂ ನೆನಪಿದೆ. ಒಬ್ಬ ಮನುಷ್ಯನ ರಿಪೋರ್ಟ್ ಅದು.

ತೆಳು ಬಣ್ಣ ಇದ್ದರೂ ‘ನೆಗೆಟಿವ್’ ಅಂತ ಬರೆಯೋರಿದ್ದಾರೆ. ಅದಕ್ಕೇ ಸೋಮವಾರ ಕೇಳಿ: ಪೂರ್ತಿ ಖಾಲಿಯಾ, ಅಲ್ಲಲ್ಲಿ ತೆಳುವಾ? ಪಕ್ಕದ ಒಳ್ಳೆ ಕೋಶಗಳು ಬಣ್ಣ ಹಿಡಿದಿದ್ವಾ? ಅನುಮಾನ ಇದ್ದರೆ ಬಯಾಪ್ಸಿ ಚೂರು ಕೂರಿಸಿಟ್ಟ ಮೇಣದ ಬ್ಲಾಕಿಂದ ಇನ್ನೊಂದು ಸ್ಲೈಡ್ ಕೊಯ್ಯಬಹುದು. ಚಿಕಿತ್ಸೆ ನಿರ್ಧಾರ ಆಗೋದು ಮುಖ್ಯವಾಗಿ ಗೆಡ್ಡೆ ಗಾತ್ರ, ಆಳ, ಕುತ್ತಿಗೆ ಗಂಟುಗಳ ಮೇಲೆ. ಈ ಒಂದು ಸಾಲಿಗೆ ಕುಗ್ಗಬೇಡಿ, ಹಿಗ್ಗಲೂಬೇಡಿ.

ತೋಟದಮನೆ, ಸಾಗರ:
ಅಣ್ಣನಿಗೆ ಓದಿ ಹೇಳಿದೆ, ಸುಮ್ಮನೆ ಕೂತುಬಿಟ್ಟ. ಅಪ್ಪಯ್ಯ ‘ಹೊಗೆಸೊಪ್ಪು ಬಿಡ್ತೀನಿ, ಬರೀ ಅಡಿಕೆ ಹಾಕ್ತೀನಿ’ ಅಂತಾರೆ.

ಸ್ಲೈಡ್‌ಪೆಟ್ಟಿಗೆ:
ಅದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ. ನಮ್ಮದೂ ಅಡಿಕೆ ತೋಟದ ಮನೆಯೇ, ಇದನ್ನ ಬರೆಯೋಕೆ ಸಂಕಟ ಆಗತ್ತೆ. ಸೋಮವಾರ ಹೋಗುವಾಗ ಬ್ಲಾಕಿನ ನಂಬರ್ ಬರೆದಿಟ್ಟುಕೊಳ್ಳಿ.