ಅಪ್‌ಡೇಟ್: ನಾಲ್ಕೂ ರಾಡಿನ ಎರೆ ಈಗ ಒಂದೇ ಆಳದಲ್ಲಿ

ಅಮೆರಿಕದ ಮಿಸಿಸಿಪ್ಪಿಯ ಗ್ರೆನಡಾ ಲೇಕ್‌ನಲ್ಲಿ ಕ್ರ್ಯಾಪಿ ಮೀನು ಹಿಡಿಯುವಾಗ, ದೋಣಿಯ ಮುಂದೆ ಚಾಚಿದ ನಾಲ್ಕು ಗಾಳದ ರಾಡ್‌ಗಳ ಎರೆ ಬೇಕಾದ ಆಳದಲ್ಲಿ ನಿಲ್ಲುತ್ತಿಲ್ಲ ಅಂತ ಕೇಳಿದ್ದೆನಲ್ಲ, ಸಮಸ್ಯೆ ಬಗೆಹರಿಯಿತು.

ಕೆಲಸ ಮಾಡಿದ್ದು ಸೀಸದ ಗುಂಡು ಬದಲಿಸಿ ಅಂದವರ ಸಲಹೆ. ಕಾಲು ಔನ್ಸ್ ತೆಗೆದು ಅರ್ಧ ಔನ್ಸ್ ಕಟ್ಟಿದೆ, ದೋಣಿಯನ್ನು ನಿಧಾನಕ್ಕೆ ಸಾಗಿಸುವ ಟ್ರೋಲಿಂಗ್ ಮೋಟಾರ್ ವೇಗ ಗಂಟೆಗೆ ಅರ್ಧ ಮೈಲಿಗೂ ಕೆಳಗಿಳಿಸಿದೆ. ಮೊದಲು ದಾರ ಹಿಂದಕ್ಕೆ ವಾಲಿ ಎರೆ ಮೇಲೇಳುತ್ತಿತ್ತು. ಈಗ ರಾಡಿನ ತುದಿಯಿಂದ ನೀರಿಗೆ ನೆಟ್ಟಗೆ ಇಳಿಯುತ್ತೆ.

ಎಷ್ಟು ದಾರ ಬಿಟ್ಟೆ ಅಂತ ಅಳೆಯಲು ರೀಲ್ ಹಿಡಿಕೆಯ ಸುತ್ತು ಎಣಿಸುವುದು ನನಗೆ ಆಗಿಬರಲಿಲ್ಲ. ಸ್ಪೂಲಿನಲ್ಲಿ ದಾರ ಎಷ್ಟು ತುಂಬಿದೆ ಅನ್ನೋದರ ಮೇಲೆ ಒಂದು ಸುತ್ತಿನ ಉದ್ದವೇ ಬದಲಾಗುತ್ತೆ. ದಾರದ ಮೇಲೆ ಹಾಕಿದ ಮಾರ್ಕರ್ ಗುರುತು ಬೇಗ ಮಾಸಿಹೋಯಿತು. ಅದರ ಬದಲು, ಗಾಳವನ್ನು ರೀಲಿನ ಪಕ್ಕಕ್ಕೆ ಎಳೆದು ಹಿಡಿದು ದಾರ ಬಿಗಿ ಮಾಡಿ ಬಿಟ್ಟರೆ, ಹನ್ನೆರಡು ಅಡಿ ರಾಡಿನಲ್ಲಿ ತುದಿಯಿಂದ ಗಾಳಕ್ಕೆ ಸುಮಾರು ಹತ್ತೂವರೆ ಅಡಿ ದಾರ ಸಿಗುತ್ತೆ. ತುದಿ ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟು ಕಳೆದರೆ ಆಳ ಗೊತ್ತಾಯಿತು. ನಾಲ್ಕೂ ರಾಡ್ ಒಂದೇ ಉದ್ದದವಾಗಿರಬೇಕು, ಅಷ್ಟೇ.

ನಿಜಕ್ಕೂ ಅಚ್ಚರಿಯಾಗಿದ್ದು ಇನ್ನೊಂದು ಮಾತು: ಕ್ರ್ಯಾಪಿ ಮೇಲ್ಮುಖವಾಗಿ ನೋಡಿ ತಿನ್ನುವ ಮೀನು, ತನಗಿಂತ ಕೆಳಗಿರುವ ಎರೆಗೆ ಅಪರೂಪಕ್ಕೆ ಇಳಿಯುತ್ತೆ. ಸೋನಾರ್‌ನಲ್ಲಿ ಮೀನು ಹತ್ತು ಅಡಿಯಲ್ಲಿ ಕಂಡರೆ ನಾನೀಗ ಎಂಟು-ಒಂಬತ್ತಕ್ಕೇ ನಿಲ್ಲಿಸುತ್ತೇನೆ. ಈ ಸಲಹೆ ಕೊಟ್ಟವರಿಗೆ ತುಂಬಾ ತುಂಬಾ ಥ್ಯಾಂಕ್ಸ್! ಗಾಳಿ ಜೋರಿದ್ದ ದಿನ ಮಾತ್ರ ಮುಕ್ಕಾಲು ಔನ್ಸ್ ಗುಂಡು ಕಟ್ಟಿ.