ಹಳೇ ಗದ್ದೆಯಲ್ಲಿ ಮೀನು ಮಾರುಕಟ್ಟೆ: ಪೈಲ್ ಹಾಕಿದರೆ ಸಾಕಾ?

ಹೊಳೆಬದಿ:
ನಮಸ್ಕಾರ, ಕುಂದಾಪುರ ಕಡೆಯವಳು. ಅಮ್ಮ ಮೀನು ಮಾರುವ ಮಾರುಕಟ್ಟೆಯನ್ನು ಹೊಸದಾಗಿ ಕಟ್ಟುತ್ತಾರಂತೆ. ಜಾಗ ಹೊಳೆ ಪಕ್ಕದ ಹಳೇ ಗದ್ದೆ. ಈಗಾಗಲೇ ಆಳೆತ್ತರ ಕೆಂಪು ಮಣ್ಣು ತುಂಬಿಸಿದ್ದಾರೆ. ಸಾಯಿಲ್ ಟೆಸ್ಟ್ ಪ್ರಕಾರ 9 ಮೀಟರ್‌ವರೆಗೂ ಕಪ್ಪು ಜೇಡಿ, ಎನ್ ವ್ಯಾಲ್ಯೂ 2-3. ಗಟ್ಟಿ ಪದರ ಸಿಗುವುದು 14 ಮೀಟರ್‌ಗೆ. ಒಂದೇ ಮಹಡಿಗೆ ಪೈಲ್ (ನೆಲ ಕೊರೆದು ಗಟ್ಟಿ ಪದರದವರೆಗೆ ಇಳಿಸುವ ಕಾಂಕ್ರೀಟ್ ಕಂಬ) ಯಾಕೆ, ದುಡ್ಡು ದಂಡ ಅಂತಾರೆ ಕೆಲವರು. ಪೈಲ್ ಹಾಕಿದ ಮೇಲೆ ಚಿಂತೆಯೇ ಇಲ್ಲ ಅಂತಾರೆ ಇನ್ನು ಕೆಲವರು. ಸಭೆಯಲ್ಲಿ ನಾವು ಏನು ಕೇಳಬೇಕು?

ಪೈಲಿಂಗ್ ಸೈಟ್‌ನವ:
ತಂಗೀ, 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬಿಟ್ಟಾಗ ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕೋ ಅದೇ ಎನ್. ನಿಮ್ಮಲ್ಲಿ ಎರಡು-ಮೂರು ಪೆಟ್ಟಿಗೇ ಇಳಿದಿದೆ. ಮಾಮೂಲಿ ಪಾಯ ಹಾಕಿದರೆ ಒಂದು ಮೂಲೆ ಜಾಸ್ತಿ ಕುಸಿದು ಗೋಡೆ ಬಿರಿಯುತ್ತದೆ. ಪೈಲ್ ಬೇಕೇ ಬೇಕು.

ನನಗೆ ಚಿಂತೆ ಆ ಕೆಂಪು ಮಣ್ಣಿನದು. ಅದರ ಭಾರಕ್ಕೆ ಜೇಡಿಯೊಳಗಿನ ನೀರು ವರ್ಷಗಟ್ಟಲೆ ನಿಧಾನವಾಗಿ ಹೊರಗೆ ಹೋಗುತ್ತದೆ. ಜೇಡಿ ಕುಗ್ಗುವಾಗ ಪೈಲ್‌ನ ಮೈ ಹಿಡಿದು ಅದನ್ನೂ ಕೆಳಗೆ ಎಳೆಯುತ್ತದೆ. ಈ ನೆಗೆಟಿವ್ ಸ್ಕಿನ್ ಫ್ರಿಕ್ಷನ್ ಲೆಕ್ಕಕ್ಕೆ ಹಿಡಿದಿದ್ದೀರಾ ಅಂತ ಕೇಳಿ.

ಆಮೇಲೆ ನೆಲ. ಕಂಬಗಳನ್ನು ಪೈಲ್ ಮೇಲೆ ನಿಲ್ಲಿಸಿ, ನೆಲವನ್ನು ಮಾತ್ರ ತುಂಬಿದ ಮಣ್ಣಿನ ಮೇಲೆ ಹಾಕಿದ ಒಂದು ಕಟ್ಟಡ ನೋಡಿದ್ದೇನೆ. ಕಂಬ ಅಲ್ಲಾಡಿರಲಿಲ್ಲ, ನೆಲ ನಡುವೆ ತಗ್ಗಿತ್ತು. ಚರಂಡಿಯ ಇಳಿಜಾರು ಉಲ್ಟಾ ಆಗಿ ತೊಳೆದ ನೀರೆಲ್ಲ ಒಳಗೇ ನಿಲ್ಲುತ್ತಿತ್ತು. ಗೋಡೆ ದಾಟುವಲ್ಲಿ ಪೈಪ್ ಮುರಿದಿತ್ತು. ಮೀನು ಮಾರುವ ಜಾಗಕ್ಕೆ ನೆಲವೇ ಮುಖ್ಯ ಅಲ್ವಾ? ನೆಲದ ಸ್ಲ್ಯಾಬನ್ನೂ ಬೀಮ್ ಮೂಲಕ ಪೈಲ್ ಮೇಲೇ ಕೂರಿಸಿ ಅಂತ ಪಟ್ಟು ಹಿಡಿಯಿರಿ.

ಉಪ್ಪುನೀರು:
ಹೊಳೆಗೆ ಉಬ್ಬರದಲ್ಲಿ ಉಪ್ಪುನೀರು ಬರುತ್ತದಾ? ಬಂದರೆ ಮಣ್ಣು, ನೀರು ಎರಡರಲ್ಲೂ ಕ್ಲೋರೈಡ್, ಸಲ್ಫೇಟ್ ಎಷ್ಟಿದೆ ನೋಡಿಸಿ. ಯಾವ ಸಿಮೆಂಟ್, ಕಂಬಿಗೆ ಎಷ್ಟು ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ದಪ್ಪ) ಅನ್ನುವುದು ಅದರ ಮೇಲೆ ನಿಂತಿದೆ.

ಹೊಳೆಬದಿ:
ಬರುತ್ತದೆ. ಬೇಸಿಗೆಯಲ್ಲಿ ಬಾವಿ ನೀರೂ ಉಪ್ಪು. ಕೆಲಸ ನಡೆಯುವಾಗ ನಾವೇ ನೋಡಿ ತಿಳಿಯುವಂಥದ್ದು ಏನಾದರೂ ಇದೆಯಾ?

ಪೈಲಿಂಗ್ ಸೈಟ್‌ನವ:
ಇದೆ. ಕಾಂಕ್ರೀಟ್ ಹಾಕುವ ದಿನ ಹೋಗಿ. ಟ್ರೆಮಿ ಪೈಪ್, ಅಂದರೆ ಕೊರೆದ ಗುಂಡಿಯ ತಳದವರೆಗೆ ಇಳಿಸುವ ಉದ್ದ ಕೊಳವೆಯಲ್ಲಿ, ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಪೈಪಿನ ಬಾಯಿ ಯಾವಾಗಲೂ ಕಾಂಕ್ರೀಟ್‌ನೊಳಗೇ ಹುಗಿದಿರಬೇಕು. ಅವಸರದಲ್ಲಿ ಮೇಲೆತ್ತಿದರೆ ಕೆಸರು ನುಗ್ಗುತ್ತದೆ, ಪೈಲ್ ನಡುವೆಯೇ ತುಂಡಾದ ಹಾಗೆ. ಎಷ್ಟು ಕಾಂಕ್ರೀಟ್ ಹಿಡಿಯಿತು ಅಂತಲೂ ಬರೆದಿಡಿ. 500 ಮಿ.ಮೀ. ಅಗಲ, 15 ಮೀಟರ್ ಆಳದ ಪೈಲ್‌ಗೆ ಸುಮಾರು 3 ಘನ ಮೀಟರ್ ಬೇಕು. ಮೆತ್ತಗಿನ ಮಣ್ಣಲ್ಲಿ ಸ್ವಲ್ಪ ಜಾಸ್ತಿ ಹಿಡಿಯುವುದು ಮಾಮೂಲು. ಕಡಿಮೆ ಹಿಡಿದರೆ ಕೊರೆದ ಗುಂಡಿಯ ಗೋಡೆ ಒಳಗೆ ಒತ್ತಿಕೊಂಡಿರಬಹುದು, ಸುಮ್ನೆ ಬಿಡಬೇಡಿ.

ಲೋಡ್ ಟೆಸ್ಟ್ (ಪೈಲ್ ಮೇಲೆ ಭಾರ ಹೇರಿ ನೋಡುವುದು) ಪಾಸಾಯಿತು ಅಂತ ತೋರಿಸಿದರೂ ನೆಗೆಟಿವ್ ಫ್ರಿಕ್ಷನ್ ಲೆಕ್ಕ ಕೇಳಿ. ಟೆಸ್ಟ್ ದಿನ ಜೇಡಿ ಪೈಲನ್ನು ಹಿಡಿದು ನಿಲ್ಲಿಸಲು ನೆರವಾಗುತ್ತದೆ. ಎಳೆಯುವುದು ಆಮೇಲೆ. ಡ್ರಾಯಿಂಗ್ ಸಿಕ್ಕರೆ ಇಲ್ಲಿ ಹಾಕಿ, ನೋಡೋಣ.