ಸಹಾಯ ಬೇಕು: ಅಳಿಸಿದರೂ ಹಳೆಯ ಮಷೀನ್ ಐಡಿಯೇ ಮರಳಿ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ವಿಜಯಪುರದ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರಿಗೆ ಉಬುಂಟು ಸರ್ವರ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ, ಅದರ ಡಿಸ್ಕನ್ನೇ ಉಳಿದ 12 ಕಂಪ್ಯೂಟರುಗಳಿಗೆ ನಕಲು ಮಾಡಿದ್ದರಿಂದ, ಪ್ರತಿ ಕಂಪ್ಯೂಟರಿಗೂ ಬೇರೆಯಾಗಿರಬೇಕಾದ 32 ಅಕ್ಷರಗಳ ಗುರುತು, ಅಂದರೆ ಮಷೀನ್ ಐಡಿ, ಎಲ್ಲದರಲ್ಲೂ ಒಂದೇ ಆಗಿ, ನೆಟ್‌ವರ್ಕಿನಲ್ಲಿ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಹಲವಕ್ಕೆ ಒಂದೇ ವಿಳಾಸ ಕೊಡುತ್ತಿದೆ. (ಇದು ತಿಳಿಯುವ ಮೊದಲು ಎರಡು ದಿನ ಸುಮ್ಮನೆ ಕೇಬಲ್ ಬದಲಿಸುತ್ತ ಕುಳಿತಿದ್ದೆ.)

ಟರ್ಮಿನಲ್‌ನಲ್ಲಿ ಇಟಿಸಿ ಫೋಲ್ಡರಿನ ಮಷೀನ್-ಐಡಿ ಫೈಲನ್ನು ಅಳಿಸಿ, ಸುಡೋ (ಅಡ್ಮಿನ್ ಅಧಿಕಾರ) ಸಹಿತ, ಐಡಿ ಸಿದ್ಧಪಡಿಸುವ ಸಿಸ್ಟಮ್‌ಡಿ-ಮಷೀನ್-ಐಡಿ-ಸೆಟಪ್ ಕಮಾಂಡ್ ಕೊಟ್ಟರೆ, ಹೊಸದು ಹುಟ್ಟುವ ಬದಲು ಹಳೆಯ ಐಡಿಯೇ ಮತ್ತೆ ಬಂದು ಕೂರುತ್ತದೆ. ಡಿ-ಬಸ್ (ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ) ತನ್ನ ಫೋಲ್ಡರಿನಲ್ಲಿ ಇಟ್ಟುಕೊಂಡಿರುವ ಪ್ರತಿಯಿಂದ ಈ ಕಮಾಂಡ್ ಹಳೆಯದನ್ನು ಎತ್ತಿಕೊಳ್ಳುತ್ತದೆ ಎಂದು ಕೈಪಿಡಿಯಲ್ಲಿ ಓದಿದೆ. ನಮ್ಮಲ್ಲಿ ಆ ಪ್ರತಿ ಇಟಿಸಿಯ ಫೈಲಿಗೆ ಲಿಂಕ್ ಆಗಿರದೆ ಪ್ರತ್ಯೇಕ ಫೈಲೇ ಆಗಿದೆ.

ಆ ಫೈಲನ್ನು ಅಳಿಸಿ ಅಲ್ಲಿ ಲಿಂಕ್ ಇಟ್ಟು, ಇಟಿಸಿಯ ಫೈಲನ್ನು ಖಾಲಿ ಮಾಡಿ ರೀಬೂಟ್ ಮಾಡಿದರೆ ಸಾಕೇ, ಅಥವಾ ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ (ದೂರದಿಂದ ಲಾಗಿನ್ ಆಗುವಾಗ ಕಂಪ್ಯೂಟರನ್ನು ಗುರುತಿಸುವ ಕೀಗಳು) ಪ್ರತಿ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಬೇಕೇ?